ಸಹಾಯ ಬೇಕು: ಕೆರೆ ಏರಿ ಪಕ್ಕದ ವೀರಗಲ್ಲು ಉಳಿಸಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿದೆ. ಕೆರೆ ಏರಿ ಪಕ್ಕ ಒಂದು ವೀರಗಲ್ಲು ನಿಂತಿದೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದ ವೀರ, ಅವನ ಹಿಂದೆ ದನಗಳ ಸಾಲು. ಮಧ್ಯದಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ. ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ದನಗಳಿರುವುದರಿಂದ ತುರುಗೋಳಿನಲ್ಲಿ, ಅಂದರೆ ಊರ ದನ ಬಿಡಿಸಿಕೊಳ್ಳುವ ಕಾಳಗದಲ್ಲಿ ಸತ್ತವನು ಅನಿಸುತ್ತದೆ. ನಮ್ಮೂರಿನ ಯುದ್ಧ ಸ್ಮಾರಕ ಅಂದ್ರೆ ಇದೇ.

ಪಟ್ಟಿಗಳ ನಡುವೆ ಹಳಗನ್ನಡದ ಸಾಲುಗಳಿವೆ. ಯಾರೋ ಭಕ್ತಿಯಿಂದಲೇ ಪೂರ್ತಿ ಎನಾಮಲ್ ಪೇಂಟ್ ಬಳಿದಿದ್ದಾರೆ. ಅಕ್ಷರದ ಗೆರೆಗಳೆಲ್ಲ ಮುಚ್ಚಿವೆ. ಹುಡುಗರು ಆ್ಯಸಿಡ್, ತಂತಿ ಬ್ರಷ್ ಹಾಕಿ ಉಜ್ಜೋಣ ಅಂತಿದ್ದಾರೆ. ಬೇಡ ಅಂದಿದ್ದೇನೆ, ಕಲ್ಲಿನ ಮೇಲ್ಪದರವೇ ಹೋಗುತ್ತದೆ ಅಲ್ವಾ? ಪೇಂಟ್ ತೆಗೆದ ಅನುಭವ ಇರುವವರು ದಯವಿಟ್ಟು ದಾರಿ ಹೇಳಿ.

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟ (1905) ಬೆಂಗಳೂರು ಜಿಲ್ಲೆಯದು, ಶಾಸನಗಳು ತಾಲ್ಲೂಕುವಾರು ಇವೆ. ನಮ್ಮ ಕಲ್ಲಿನ ಶಾಸನ ಅದರಲ್ಲಿದೆಯಾ ಅಂತ ಓದಿ ಹೇಳಬಲ್ಲವರು ಇದ್ದರೆ ಊರಿನ ಹೆಸರು, ಫೋಟೋ ಕಳಿಸುತ್ತೇನೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ 3ಡಿ ಸ್ಕ್ಯಾನ್ ಮಾಡುತ್ತಾರೆ. ಅವರನ್ನು ಊರಿಗೆ ಕರೆಸಿದವರು ಯಾರಾದರೂ ಇದ್ದೀರಾ?

ಇದು ತುಂಬ ಅರ್ಜೆಂಟ್. ರಸ್ತೆ ಅಗಲ ಮಾಡುವ ಕೆಲಸ ಹತ್ತಿರ ಬರುತ್ತಿದೆ. ಜೆಸಿಬಿ ಒಂದು ಸಲ ತಾಗಿದರೂ ಸಾಕು, ಮುಗಿಯಿತು. ಕಲ್ಲು ಸರಿಸಲೇಬೇಕಾದರೆ ಪಂಚಾಯಿತಿ ಅನುಮತಿ ಸಾಕಾ, ಪುರಾತತ್ವ ಇಲಾಖೆಗೂ ಬರೆಯಬೇಕಾ? ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯ ಎಂಬ ವೀರನ ಕಲ್ಲಿಗೆ ಮಂಟಪವೇ ಆಗಿದೆ. ನಮ್ಮ ವೀರನಿಗೆ ಸದ್ಯಕ್ಕೆ ಸುತ್ತ ಒಂದು ಕಟ್ಟೆಯಾದರೂ ಆಗಲಿ. ಅರ್ಜಿಯ ನಮೂನೆ ಇದ್ದವರು ಇಲ್ಲೇ ಹಾಕಿ.