ಗಿಡ್ಡ ಅಡಿಕೆ ಸಸಿ ಉದ್ದ ಹೋಗ್ತಾ ಉಂಟು, ಏನು ಮಾಡುವುದು?

ಬಾಯಾರು ತೋಟ: ಗಿಡ್ಡ ಅಡಿಕೆ ಅಂತಲೇ ನೆಟ್ಟದ್ದು. ಈಗ ಕಾಂಡದಲ್ಲಿ ಗಂಟು ಕಾಣಲು ಶುರುವಾಗಿದೆ. ನೋಡಿದರೆ ಸುಮಾರು ಗಿಡಗಳು ಮಾಮೂಲಿ ಮಂಗಳ ತಳಿಯ ಹಾಗೆ ಸರಸರ ಮೇಲೆ ಹೋಗುತ್ತಿವೆ. ಗೊಬ್ಬರ, ನೀರು ಎಲ್ಲದಕ್ಕೂ ಒಂದೇ. ಮರ ಹತ್ತುವವರು ಸಿಗುವುದಿಲ್ಲ ಅಂತ ಇದಕ್ಕೆ ಕೈಹಾಕಿದ್ದು, ತಲೆ ಕೆಟ್ಟುಹೋಗಿದೆ. ಯಾವುದರ ಕೊರತೆ ಇದು?

ಪೆರ್ಲದವ: ಕೊರತೆ ಅಲ್ಲ, ನೆರಳು. ಹಳೇ ಮರದ ಎಡೆಯಲ್ಲಿ ನೆಟ್ಟಿರಬೇಕು.

ಬಾಯಾರು ತೋಟ: ಗುಡ್ಡೆ ತಟ್ಟು ಮಾಡಿ ಹಾಕಿದ ಹೊಸ ತೋಟ ಮಾರಾಯ್ರೆ. 9 ಅಡಿ ಅಂತರ. ಎಡೆಯಲ್ಲಿ ಬಾಳೆ ಮಾತ್ರ.

ಪೆರ್ಲದವ: ಬಾಳೆಯ ನೆರಳೇ ಸಾಕು. ಕಡಿದುಬಿಡಿ.

ಮುಳ್ಳೇರಿಯ ಕೃಷಿಕ: ದಯವಿಟ್ಟು ಕಡಿಯಬೇಡಿ. ಎಳೆ ಅಡಿಕೆಗೆ ಪಡುವಣ ಬಿಸಿಲು ತಾಗಿದರೆ ಕಾಂಡ ಸುಡುತ್ತದೆ. ನೆರಳಾದರೆ ಒಂದು ಬದಿಯ ಗಿಡಗಳೆಲ್ಲ ಉದ್ದ ಹೋಗಬೇಕಿತ್ತು. ಒಂದೇ ಸಾಲಲ್ಲಿ ಒಂದು ಗಿಡ್ಡ, ಒಂದು ಉದ್ದ ಅಂದರೆ ಬೀಜದ ವಿಷಯ. ಸಸಿ ಎಲ್ಲಿಂದ?

ಬಾಯಾರು ತೋಟ: ಭಾವನ ತೋಟದಲ್ಲಿ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದಿಂದ ತಂದ ಗಿಡ್ಡ ಮರಗಳುಂಟು, ಒಳ್ಳೆ ಫಸಲು. ಅದರದ್ದೇ ಹಣ್ಣಡಿಕೆ ಆರಿಸಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಸಸಿ ಮಾಡಿದ್ದು.

ಮುಳ್ಳೇರಿಯ ಕೃಷಿಕ: ಅದೇ ಕಾರಣ. ವಿಟ್ಲದ ಗಿಡ್ಡಗಳು ಮಿಶ್ರತಳಿ. ಹಿರೇಹಳ್ಳಿ ಗಿಡ್ಡ ಅಂತ ಒಂದು ತಳಿ ಉಂಟು, ಅದಕ್ಕೆ ಎತ್ತರದ ತಳಿಯಾದ ಸುಮಂಗಳ ಕೂಡಿಸಿದ್ದು ಒಂದು, ಮೋಹಿತ್‌ನಗರ ಕೂಡಿಸಿದ್ದು ಇನ್ನೊಂದು. ಅದರ ಬೀಜ ಹಾಕಿದರೆ ಅಜ್ಜ, ಅಜ್ಜಿಯ ಗುಣ ಬೇರೆಬೇರೆಯಾಗಿ ಹೊರಗೆ ಬರುತ್ತದೆ. ಮೇಲಾಗಿ ಅಡಿಕೆಯ ಹಿಂಗಾರದಲ್ಲಿ, ಅಂದರೆ ಹೂಗೊಂಚಲಲ್ಲಿ, ಗಂಡು ಹೂ ಉದುರಿ ಮುಗಿದ ಮೇಲೆ ಹೆಣ್ಣು ಹೂ ಅರಳುವುದು. ಪರಾಗ ಹೆಚ್ಚಾಗಿ ಬೇರೆ ಮರದ್ದೇ. ಸುತ್ತ ಎತ್ತರದ ಮಂಗಳ ಇದ್ದರೆ ಅದರದ್ದು ಬಂದಿರುತ್ತದೆ. ಕೇಂದ್ರದಲ್ಲಿ ಗಂಡು ಹೂ ತೆಗೆದು, ಹಿಂಗಾರಕ್ಕೆ ಚೀಲ ಕಟ್ಟಿ, ಬೇಕಾದ ಪರಾಗವನ್ನೇ ಹಾಕುವುದು ಇದಕ್ಕಾಗಿ.

ಕುಂಬಳೆ ತೆಂಗು: ತೆಂಗಿನಲ್ಲಿ ಮಿಶ್ರ ಸಸಿ ಗುರುತಿಸುವುದು ಸಲೀಸು. ಚಾವಕ್ಕಾಡ್ ಕಿತ್ತಳೆ ಗಿಡ್ಡ ತಳಿ ತಾಯಿಯಾದರೆ ಸಸಿಯ ದಂಟೇ ಹೇಳುತ್ತದೆ: ಕಿತ್ತಳೆ ಬಣ್ಣ ಆದರೆ ಸ್ವಂತ ಪರಾಗ, ಕಂದು ಆದರೆ ಮಿಶ್ರ. ಎತ್ತರಕ್ಕೆ ಗಿಡ್ಡ ಕೂಡಿಸುವ ಕೆಲಸ 1932ರಲ್ಲೇ ನಮ್ಮ ನೀಲೇಶ್ವರದಲ್ಲಿ ಆಗಿದೆ.

ಪೆರ್ಲದವ: ಇಲ್ಲಿ ಅಡಿಕೆಯ ಮಾತು. ನಾನು ಈಗಲೂ ಬಾಳೆ ಎಂದೇ ಹೇಳುವುದು.

ಅಡೂರು: ಗಿಡ್ಡವೇ ಯಾಕೆ? ಕಾರ್ಬನ್ ಫೈಬರ್ ದೋಟಿ, ಅಂದರೆ ಕೊಕ್ಕೆಯ ಉದ್ದ ಕೋಲು, ತನ್ನಿ. ನನ್ನದು 60 ಅಡಿಯ ಮರಕ್ಕೂ ಮುಟ್ಟುತ್ತದೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು, ಅಡಿಕೆ ಗೊನೆ ಕೊಯ್ಯುವುದು ಎರಡೂ ನೆಲದಲ್ಲೇ ನಿಂತು. ಕೊಕ್ಕೆಯನ್ನು ನಾನೇ ಮಾಡಿಸಿದ್ದು, ಫೋಟೋ ಹಾಕುತ್ತೇನೆ.

ಮುಳ್ಳೇರಿಯ ಕೃಷಿಕ: ದೋಟಿ ನನ್ನಲ್ಲೂ ಉಂಟು. ಆಟಿ ತಿಂಗಳ ಮಳೆಗಾಳಿಗೆ ಅಷ್ಟುದ್ದ ಹಿಡಿದು ಮದ್ದು ಬಿಟ್ಟರೆ ಸಂಜೆಗೆ ಕುತ್ತಿಗೆ ತಿರುಗುವುದಿಲ್ಲ. ಗಿಡ್ಡ ಬೇಕೇ ಬೇಕು.

ಬಾಯಾರು ತೋಟ: ಹಾಗಾದರೆ ಉದ್ದ ಹೋದದ್ದನ್ನು ಕೀಳುವುದಾ?

ಮುಳ್ಳೇರಿಯ ಕೃಷಿಕ: ಬೇಡ, ಅದೂ ಫಸಲು ಕೊಟ್ಟೀತು. ಗಂಟಿನ ಮೇಲೆ ಗಂಟು ಕೂತ ತೀರಾ ಗಿಡ್ಡದ ಮೇಲೆ ಕಣ್ಣಿಡಿ. ಹಿರೇಹಳ್ಳಿಯ ಗುಣವೇ ಹೆಚ್ಚು ಬಂದಿದ್ದರೆ ಸುಲಿದಾಗ ಸಿಗುವ ಅಡಿಕೆ ಕಡಿಮೆ. ಫಸಲು ನೋಡಿ ತೀರ್ಮಾನ ಮಾಡಿ. ಖಾಲಿ ಬುಡಗಳಿಗೆ ವಿಟ್ಲದ ಸಸಿಯನ್ನೇ ತನ್ನಿ, ಬೇಗ ಹೆಸರು ಬರೆಸಿ.