ಎಷ್ಟು ಪೆಗ್ಗಿಗೆ ನಿಲ್ಲಿಸಿದ್ರ ಮುಂಜಾನೆ ತಲಿ ಹಿಡಿಯೂದಿಲ್ಲ?

ಪ್ರಶ್ನೆ: ತೂಕ 70 ಕೆಜಿ. ರಾತ್ರಿ 8ಕ್ಕ ಹುಬ್ಬಳ್ಳ್ಯಾಗ ಪಾರ್ಟಿ, ಮುಂಜಾನೆ 7ಕ್ಕ ಗದಗಿಗೆ ಗಾಡಿ ಹೊಡೀಬೇಕು. ವಿಸ್ಕಿ ಎಷ್ಟು ನಡೀತದ?

ಉತ್ತರ 1: ಪೆಗ್ ಬಿಡ್ರಿ, ಗ್ರಾಂ ಲೆಕ್ಕ ಹಾಕ್ರಿ. 42.8% ವಿಸ್ಕಿ 60 ಮಿಲಿ (ಒಂದು ಲಾರ್ಜ್) ಅಂದ್ರ 60 × 0.428 × 0.79 (ಒಂದು ಮಿಲಿ ಆಲ್ಕೋಹಾಲಿನ ತೂಕ, ಗ್ರಾಂನಾಗ), ಸುಮಾರು 20 ಗ್ರಾಂ ಆಲ್ಕೋಹಾಲ್. ಲಿವರ್ ತಾಸಿಗೆ ಅಂದಾಜು 7-8 ಗ್ರಾಂ ಅಷ್ಟ ಕರಗಸ್ತದ. ಎರಡು ಲಾರ್ಜಿಗೆ ಐದಾರು ತಾಸು. ನಾಲ್ಕಾದ್ರ ಹತ್ತು ತಾಸೂ ಸಾಲೂದಿಲ್ಲ, ಸ್ಟೇರಿಂಗ್ ಹಿಡದಾಗ ಇನ್ನೂ ರಕ್ತದಾಗ ಉಳದಿರಬಹುದು. ಕಾನೂನಿನ ಮಿತಿ 100 ಮಿಲಿ ರಕ್ತಕ್ಕ 30 ಮಿಗ್ರಾಂ. ಎರಡಕ್ಕ ನಿಲ್ಲಸ್ರಿ, ಅದೂ 10ರೊಳಗ. ತಲಿನೋವು ಬರೂದ ಇಲ್ಲಂತ ಗ್ಯಾರಂಟಿ ಯಾರೂ ಕೊಡಂಗಿಲ್ಲ.

ಉತ್ತರ 2: ಬೀರು ಹಗುರ ಅನ್ಕೋಬ್ಯಾಡ್ರಿ. 8%ದ ಸ್ಟ್ರಾಂಗ್ 650 ಮಿಲಿ ಬಾಟ್ಲಿ 41 ಗ್ರಾಂ, ಎರಡು ಲಾರ್ಜ್ ವಿಸ್ಕಿ ಸಮ. ಮೊದ್ಲ ರೊಟ್ಟಿ-ಪಲ್ಯ ಉಣ್ರಿ, ಏರೂದು ನಿಧಾನ ಆಗ್ತದ. ಬರೇ ಮಿರ್ಚಿ-ಗಿರ್ಮಿಟ್ಟಿನ ಮ್ಯಾಲ ಕುಂತ್ರ ಉಪ್ಪು-ಖಾರಕ್ಕ ನೀರಡಿಕಿ ಆಗಿ ಗ್ಲಾಸಿಗೇ ಕೈ ಹೋಗ್ತದ. ಪ್ರತಿ ಪೆಗ್ಗಿಗೆ ಒಂದು ದೊಡ್ಡ ಗ್ಲಾಸ್ ನೀರು.

ಉತ್ತರ 3: ಹೆಂಗಸರಿಗೆ ಮೈಯಾಗ ನೀರಿನಂಶ ಕಡಿಮಿ, ಅದ ತೂಕಕ್ಕೂ ಹೆಚ್ಚು ಏರ್ತದ. ಕಪ್ಪು ರಮ್, ವಿಸ್ಕಿಯೊಳಗ ಕಾಂಜಿನರ್ (ಹುಳಿಯೂ ಮುಂದ, ಪೀಪಾಯಿಯೊಳಗ ಇಡೂ ಮುಂದ ಸೇರೂ ಬ್ಯಾರೆ ರಾಸಾಯನಿಕ) ಜಾಸ್ತಿ, ವೋಡ್ಕಾಕ್ಕಿಂತ ತಲಿ ಬಿಗಿಯೂದು ಹೆಚ್ಚು. ಕಾಫಿ, ತಣ್ಣೀರ್ ಸ್ನಾನ ಎಚ್ಚರಾ ಮಾಡ್ತಾವ, ಲಿವರಿನ ವೇಗ ಹೆಚ್ಚಸೂದಿಲ್ಲ. ಮಲಗೂ ಮುಂದ ಪ್ಯಾರಾಸಿಟಮಾಲ್ ನುಂಗಬ್ಯಾಡ್ರಿ, ಲಿವರಿಗೆ ಡಬಲ್ ಭಾರ.