ಬಾಡಿಗೆ 250 ಪೌಂಡ್ ಏರಿಸ್ತಿದಾರೆ, ಎಂತ ಮಾಡದು?

ತೀರ್ಥಹಳ್ಳಿಯವಳು, ರೆಡಿಂಗ್
ಎಲ್ಲರಿಗೂ ನಮಸ್ಕಾರ. ಗುಂಪಲ್ಲಿ ನನ್ನ ಮೊದಲ ಪೋಸ್ಟ್, ಉದ್ದ ಆದ್ರೆ ಬೈಬೇಡಿ. ನಾವು ಇದೇ ಫ್ಲಾಟಲ್ಲಿ ಮೂರು ವರ್ಷದಿಂದ ಇದೀವಿ. ಎರಡು ಬೆಡ್‌ರೂಮು, 1,450 ಪೌಂಡ್. ನಿನ್ನೆ ಏಜೆಂಟ್ ಈಮೇಲ್ ಹಾಕಿದಾನೆ: ಮುಂದಿನ ತಿಂಗಳಿಂದ 1,700, ಒಪ್ಪಿಗೆ ಇದ್ರೆ ಹೊಸ ಅಗ್ರಿಮೆಂಟ್‌ಗೆ ಸಹಿ ಹಾಕಿ, ಇಲ್ಲಾಂದ್ರೆ ಯಾವತ್ತು ಖಾಲಿ ಮಾಡ್ತೀರಿ ತಿಳಿಸಿ ಅಂತ. ಶುಕ್ರವಾರದೊಳಗೆ ಉತ್ತರ ಕೊಡ್ಬೇಕಂತೆ.

ಯಜಮಾನ್ರ ಒಬ್ಬರದೇ ಸಂಬಳ, ವರ್ಕ್ ವೀಸಾ. ಮಗಳು ಮೂರನೇ ಕ್ಲಾಸು, ಶಾಲೆಗೆ ನಡೆದು ಏಳು ನಿಮಿಷ. ಎರಡು ವರ್ಷ ಯಾರ ಹತ್ರನೂ ಮಾತಾಡದೆ ಇದ್ದೋಳಿಗೆ ಈಗಷ್ಟೇ ಒಬ್ಬಳು ಗೆಳತಿ ಸಿಕ್ಕಿದಾಳೆ. ಮನೆ ಅಂಥಾ ಚೆಂದದ್ದೇನಲ್ಲ ಮಾರಾಯ್ರೆ. ವಾರ್ಡ್‌ರೋಬ್ ಹಿಂದಿನ ಗೋಡೆ ತುಂಬ ಬೂಷ್ಟು, ಊರಲ್ಲಿ ಮಳೆಗಾಲಕ್ಕೆ ಚರ್ಮದ ಚಪ್ಪಲಿಗೆ ಹಿಡೀತದಲ್ಲ ಹಂಗೆ, ಆದ್ರೆ ಇದು ಕಪ್ಪು. ಮೂರು ಸಲ ಬರ್ದು ಹೇಳಿದೀವಿ. ಕಿಟಕಿ ತೆಗ್ದಿಡಿ ಅಂತಾನೆ. ಜನವರೀಲಿ!

ಸಹಿ ಹಾಕದಾ? ಬೇರೆ ಮನೆ ನೋಡದಾ? ರಾತ್ರಿ ನಿದ್ದೆ ಬರ್ತಿಲ್ಲ.

ಕೊಪ್ಪದವ, ಸ್ಲೌ
ನಮ್ಮದೂ ಇದೇ ಕಥೆ. ಉತ್ತರ ಬಂದ್ರೆ ನಂಗೂ ಬೇಕು.

ಸಾಗರದಕ್ಕ, ಲೆಸ್ಟರ್
ಶುಕ್ರವಾರದ ಗಡಿಬಿಡಿಗೆ ಸಹಿ ಮಾತ್ರ ಹಾಕ್ಬೇಡ ತಂಗಿ. 2026ರ ಮೇ 1ರಿಂದ ಇಂಗ್ಲೆಂಡಲ್ಲಿ ಕಾನೂನು ಬದಲಾಗಿದೆ. ಬಾಡಿಗೆ ವರ್ಷಕ್ಕೆ ಒಂದೇ ಸಲ ಏರಿಸಬಹುದು, ಅದೂ ಫಾರಂ 4ಎ ಅನ್ನೋದ್ರಲ್ಲಿ, ಎರಡು ತಿಂಗಳು ಮುಂಚೆ ಕೊಟ್ಟು. ಬರೀ ಈಮೇಲ್ ಬರ್ದು "ಒಪ್ತೀರೋ ಬಿಡ್ತೀರೋ" ಅಂದ್ರೆ ಅದು ನೋಟಿಸೇ ಅಲ್ಲ. ಕಾರಣ ಕೊಡದೆ ಬಿಡಿಸೋ ಸೆಕ್ಷನ್ 21 ಕೂಡ ಹೋಗಿದೆ. ನಿನಗೆ ಫಾರಂ ಬಂದಿದೆಯಾ, ಈಮೇಲ್ ಮಾತ್ರವಾ?

ಭದ್ರಾವತಿ ಅಣ್ಣ, ಹ್ಯಾರೋ
ಅಕ್ಕಾವ್ರೇ, ಕಾನೂನೆಲ್ಲ ಇರ್ಲಿ. ಮೂರು ವರ್ಷಕ್ಕೆ ಎಷ್ಟಾಯ್ತು ಲೆಕ್ಕ ಹಾಕಿ: 52,200 ಪೌಂಡ್. ಹೊಳೇಲಿ ಹುಣಸೇಹಣ್ಣು ತೊಳೆದಂಗೆ! ನಾನು 2004ರಲ್ಲಿ ಬಂದಾಗ ಸೌತಾಲಲ್ಲಿ ಒಂದು ರೂಮಿಗೆ ನಾಲ್ಕು ಜನ, ಎರಡು ಮಂಚ, ಪಾಳಿ ಮೇಲೆ ಮಲಗೋದು. ಒಂದು ಪೌಂಡ್ ಪೋಲು ಮಾಡ್ಲಿಲ್ಲ. ಇವತ್ತು ಇಲ್ಲಿ ಎರಡು ಮನೆ, ಶಿವಮೊಗ್ಗ ವಿನೋಬನಗರದಲ್ಲಿ ಒಂದು. ಈಗಿನ ಹುಡುಗರಿಗೆ ಟೆಸ್ಲಾ ಬೇಕು, ಸ್ಪೇನ್ ಟ್ರಿಪ್ ಬೇಕು, ಆಮೇಲೆ ಬಾಡಿಗೆ ಜಾಸ್ತಿ ಅಂತ ಅಳೋದು. ಮನೆ ತಗಳಿ. ಎರಡನೇ ಮಾತೇ ಇಲ್ಲ.

ತೀರ್ಥಹಳ್ಳಿಯವಳು, ರೆಡಿಂಗ್
ಅಣ್ಣ, ನಮ್ಮತ್ರ ಕಾರೇ ಇಲ್ಲ.

ಕೊಪ್ಪದವ, ಸ್ಲೌ
ಅಣ್ಣ, ವರ್ಕ್ ವೀಸಾದಲ್ಲಿ ಕೆಲ್ಸ ಹೋದ್ರೆ ಕೈಗೆ ಸಿಗೋದು 60 ದಿನ. ಅಷ್ಟ್ರಲ್ಲಿ ಇನ್ನೊಂದು ಸ್ಪಾನ್ಸರ್ ಸಿಗ್ಲಿಲ್ಲಾಂದ್ರೆ ಪೆಟ್ಟಿಗೆ ಕಟ್ಟದು. ಸಾಲದ ಮನೆ ತಲೆ ಮೇಲೆ ಹೊತ್ಕಂಡು ಹೋಗೋಕಾಗತ್ತಾ? ನಿಮ್ಮ 2004 ಬೇರೆ, ಈಗಿಂದು ಬೇರೆ. ಕೌನ್ಸಿಲ್ ಸಹಾಯ ಕೇಳಣ ಅಂದ್ರೆ ವೀಸಾ ಮೇಲೇ ಬರ್ದಿದೆ, ಸರ್ಕಾರದ ದುಡ್ಡು ಮುಟ್ಟಂಗಿಲ್ಲ ಅಂತ.

ಭದ್ರಾವತಿ ಅಣ್ಣ, ಹ್ಯಾರೋ
ನೆಪ ಹೇಳೋರಿಗೆ ನೂರು ನೆಪ. ನಮ್ಮಪ್ಪ ಕಾರ್ಖಾನೇಲಿ 31 ವರ್ಷ ದುಡಿದ್ರು, ಪೂರ್ತಿ ಕ್ವಾರ್ಟರ್ಸಲ್ಲೇ. ರಿಟೈರಾಗಿ ಮನೆ ಬಿಡೋ ದಿನ ಅಮ್ಮ ಹಿತ್ತಲಲ್ಲಿ ನೆಟ್ಟಿದ್ದ ಕರಿಬೇವಿನ ಗಿಡ ಕಿತ್ತು ಗೋಣಿಚೀಲದಲ್ಲಿ ಸುತ್ಕಂಡ್ರು. ಬೇರು ತುಂಡಾಗಿತ್ತು, ಹೊಸ ಮನೇಲಿ ಹತ್ಲಿಲ್ಲ. ಅವತ್ತೇ ತೀರ್ಮಾನ ಮಾಡ್ದೆ. ನಿಮಗೆ ಅದು ಅರ್ಥ ಆಗಲ್ಲ ಬಿಡಿ.

ಹೊಸನಗರ, ಮ್ಯಾಂಚೆಸ್ಟರ್
ಸ್ವಂತದ್ದಿದ್ರೂ ಉಳೀತದೆ ಅಂತ ಇಲ್ಲ ಅಣ್ಣ. ನಮ್ಮಜ್ಜನ ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ನೀರಿಗೆ ಹೋಯ್ತು. ಡ್ಯಾಮ್ ಮುಗಿದಿದ್ದು 1964ರಲ್ಲಿ. ಬೇಸಿಗೇಲಿ ನೀರಿಳಿದ್ರೆ ಮಡೇನೂರಿನ ಹಳೇ ಡ್ಯಾಮ್ ಎದ್ದು ಕಾಣ್ತದೆ, ಜನ ಫೋಟೋ ತೆಗೆಯೋಕೆ ಹೋಗ್ತಾರೆ. ಅಜ್ಜ ಒಂದು ಸಲವೂ ಹೋಗ್ಲಿಲ್ಲ. ಈಗ ಅಮ್ಮ ಒಬ್ಬಳೇ ಎಂಟು ಕೋಣೆ ಮನೇಲಿ ಕೂತು ಅಡಿಕೆ ಎಲೆಚುಕ್ಕಿ ಬಗ್ಗೆ ಫೋನಲ್ಲಿ ಹೇಳ್ತಾಳೆ, ನಾನಿಲ್ಲಿ ಒಂದೂವರೆ ಕೋಣೆಗೆ ಬಾಡಿಗೆ ಕಟ್ಕಂಡು "ಹ್ಞೂಂ" ಅಂತೀನಿ. ಎಂತಕ್ಕೆ ಬಂದ್ವೋ. ಮಗ ಅಜ್ಜಿ ಹತ್ರ ಇಂಗ್ಲಿಷಲ್ಲೇ ಮಾತಾಡದು. ಸಾರಿ, ವಿಷಯ ಬೇರೆ ಆಯ್ತು.

ಗ್ಲಾಸ್ಗೋ ಮಲ್ನಾಡಿಗ
ಎರಡಲ್ಲ, ಮೂರು ತಿಂಗಳು ನೋಟಿಸ್ ಕೊಡ್ಬೇಕು ಮಾರಾಯ್ರೆ, ನಂಗೆ ಹಂಗೇ ಬಂದಿತ್ತು.

ಸಾಗರದಕ್ಕ, ಲೆಸ್ಟರ್
ಅದು ಸ್ಕಾಟ್ಲೆಂಡಿಂದು. ಅವಳಿರೋದು ರೆಡಿಂಗಲ್ಲಿ, ಗೊಂದಲ ಮಾಡ್ಬೇಡಿ. ತಂಗಿ, ಫಾರಂ ಬಂತಾ ಅಂತ ಕೇಳಿದ್ನಲ್ಲ?

ವಾಪಸ್ ಬಂದವಳು, ಶಿವಮೊಗ್ಗ
ನಾವು ಬರ್ಮಿಂಗ್‌ಹ್ಯಾಮ್ ಬಿಟ್ಟು ಬಂದ್ವಿ. ಊರಿಗೆ ಬನ್ನಿ ಅಂತ ಹೇಳಣ ಅಂತಿದ್ದೆ, ಆದ್ರೆ ನಾನೂ ಗೋಪಾಳದಲ್ಲಿ ಬಾಡಿಗೆಗೇ ಇರದು! ಇಲ್ಲಿ 11 ತಿಂಗಳ ಅಗ್ರಿಮೆಂಟು, ಮುಗೀತಿದ್ದಂಗೆ ಹತ್ತು ಪರ್ಸೆಂಟ್. ಸೋಗಾನೆಗೆ ವಿಮಾನ ಬಂದಮೇಲಂತೂ ಓನರುಗಳ ಮಾತೇ ಬೇರೆ. ನಮ್ಮ ಓನರೂ ಫಾರಿನ್ನಲ್ಲೇ ಇರದು, ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕ್ತಾರೆ, ಕೆಳಗೆ ಕೈ ಮುಗಿಯೋ ಚಿತ್ರ.

ಭದ್ರಾವತಿ ಅಣ್ಣ, ಹ್ಯಾರೋ
ನಾನು ವಿನೋಬನಗರದಲ್ಲಿ ಐದೇ ಪರ್ಸೆಂಟ್ ಏರಿಸೋದು. ಪೇಂಟು, ಕಂದಾಯ, ಮೋಟಾರ್ ರಿಪೇರಿ ಯಾರು ಮಾಡಿಸ್ತಾರೆ? ಓನರುಗಳ ಕಷ್ಟ ಯಾರೂ ಕೇಳಲ್ಲ.

ಕೊಪ್ಪದವ, ಸ್ಲೌ
ಹ್ಯಾರೋ ಮನೇಲಿ ಎಷ್ಟು ಏರಿಸಿದ್ರಿ ಅಣ್ಣ?

ಭದ್ರಾವತಿ ಅಣ್ಣ, ಹ್ಯಾರೋ
ಅದು ಮಾರ್ಕೆಟ್ ರೇಟ್. ಪರ್ಸನಲ್ ಪ್ರಶ್ನೆ ಬೇಡ.

ತೀರ್ಥಹಳ್ಳಿಯವಳು, ರೆಡಿಂಗ್
ಅಕ್ಕ, ಸಾರಿ, ಮೇಲೆ ಹುಡುಕಿ ಹುಡುಕಿ ನಿಮ್ಮ ಪ್ರಶ್ನೆ ಈಗ ಸಿಕ್ತು. ಫಾರಂ ಬಂದಿಲ್ಲ, ಈಮೇಲ್ ಮಾತ್ರ. ನಾನು ಗಟ್ಟಿಯಾಗಿ ಕೇಳಿದ್ರೆ ಸಿಟ್ಟಾಗಿ ಮನೆ ಮಾರ್ತೀನಿ ಅಂತ ಬಿಡಿಸಿದ್ರೆ? ಮನೆ ಬದಲಾದ್ರೆ ಮಗಳ ಶಾಲೆ ಸೀಟು ಹೋಗ್ತದಾ?

ಸಾಗರದಕ್ಕ, ಲೆಸ್ಟರ್
ಸೀಟು ಹೋಗಲ್ಲ, ಈಗಾಗ್ಲೇ ಸೇರಿರೋ ಮಗುನ ಮನೆ ಬದಲಾಯ್ತು ಅಂತ ತೆಗೆಯೋ ಹಂಗಿಲ್ಲ. ದೂರದಿಂದ ಓಡಾಡೋ ಕಷ್ಟ ನಿಮ್ಮದು, ಅಷ್ಟೇ. ಮಾರ್ತೀನಿ ಅಂದ್ರೂ ನಾಲ್ಕು ತಿಂಗಳು ನೋಟಿಸ್ ಕೊಡ್ಬೇಕು, ಹಾಗೆ ಬಿಡಿಸಿದ ಮನೇನ ಒಂದು ವರ್ಷ ಇನ್ನೊಬ್ಬರಿಗೆ ಬಾಡಿಗೆಗೆ ಕೊಡಂಗಿಲ್ಲ. ಬರೀ ಹೆದರಿಸೋಕೆ ಯಾರೂ ಆ ನಷ್ಟ ಮಾಡ್ಕಳಲ್ಲ.

ಈಗ ಏಜೆಂಟಿಗೆ ಎರಡೇ ಸಾಲು ಬರಿ: ನಿಯಮದ ಪ್ರಕಾರ ಫಾರಂ ಕಳ್ಸಿ, ಅಲ್ಲಿವರೆಗೆ 1,450 ಕಟ್ತೀವಿ. ಆ 1,450 ಮಾತ್ರ ಒಂದು ದಿನವೂ ತಪ್ಪಿಸ್ಬೇಡ. ಫಾರಂ ಬಂತು, 1,700 ಅತಿಯಾಯ್ತು ಅನ್ನಿಸ್ತು ಅಂದ್ರೆ, ಅದು ಶುರುವಾಗೋ ತಾರೀಕಿನ ಮುಂಚೆ ಬಾಡಿಗೆ ತಕರಾರು ತೀರ್ಮಾನ ಮಾಡೋ ಟ್ರಿಬ್ಯೂನಲ್‌ಗೆ ಅರ್ಜಿ ಹಾಕು. ಅವರು ಓನರ್ ಕೇಳಿದ್ದಕ್ಕಿಂತ ಜಾಸ್ತಿ ಮಾಡಂಗಿಲ್ಲ, ಹಿಂದಿನ ತಿಂಗಳಿಗೂ ಸೇರಿಸಂಗಿಲ್ಲ. ನಿಮ್ಮ ಏರಿಯಾದಲ್ಲಿ ಅಂಥದ್ದೇ ಫ್ಲಾಟು ಎಷ್ಟಕ್ಕಿದೆ, ಏಳೆಂಟು ಜಾಹೀರಾತು ಈಗ್ಲೇ ಸೇವ್ ಮಾಡಿಟ್ಕ. ಎಲ್ಲ 1,700 ಆಸುಪಾಸಲ್ಲೇ ಇದ್ರೆ ಜಗಳದಲ್ಲಿ ಲಾಭ ಕಮ್ಮಿ, 1,550ಕ್ಕೋ 1,600ಕ್ಕೋ ಮಾತಾಡಿ ಮುಗಿಸದು ಒಳ್ಳೇದು. ಮನೆ ಸಮಸ್ಯೆಗೆ ಸಲಹೆ ಕೊಡೋ ಶೆಲ್ಟರ್ ಅನ್ನೋ ಸೇವಾ ಸಂಸ್ಥೆಗೂ ಒಂದು ಫೋನ್ ಮಾಡು, ದುಡ್ಡು ತಗಳಲ್ಲ.

ಬೂಷ್ಟು ಒರ್ಸೋ ಮುಂಚೆ ಫೋಟೋ ತೆಗಿ. ಮನೆ ಸ್ಥಿತಿ ನೋಡೇ ಟ್ರಿಬ್ಯೂನಲ್‌ನವರು ಬಾಡಿಗೆ ಎಷ್ಟು ಅಂತ ತೀರ್ಮಾನ ಮಾಡದು.

ತೀರ್ಥಹಳ್ಳಿಯವಳು, ರೆಡಿಂಗ್
ಅಯ್ಯೋ ಅಕ್ಕ. ಬೆಳಿಗ್ಗೆಯಷ್ಟೇ ಬ್ಲೀಚ್ ಹಾಕಿ ಉಜ್ಜಿದೆ.

ಸಾಗರದಕ್ಕ, ಲೆಸ್ಟರ್
ಮತ್ತೆ ಬರ್ತದೆ ಬಿಡು. ಹಳೇ ಈಮೇಲ್‌ಗಳಿಗೆ ಹಾಕಿರೋ ಫೋಟೋ ಇದಾವಾ ನೋಡು.

ಹೊಸನಗರ, ಮ್ಯಾಂಚೆಸ್ಟರ್
ಬ್ಲೀಚ್ ಯಾವ್ದು ಹಾಕಿದ್ರಿ? ನಮ್ಮ ಬಾತ್‌ರೂಮಲ್ಲೂ ಇದೆ.

ಭದ್ರಾವತಿ ಅಣ್ಣ, ಹ್ಯಾರೋ
ಬ್ಲೀಚಿಂದ ಹೋಗಲ್ಲ, ಗೋಡೆ ಕೆತ್ತಿಸ್ಬೇಕು. ಸ್ವಂತ ಮನೆ ಆಗಿದ್ರೆ ಕೆತ್ತಿಸಬಹುದಿತ್ತು.